ಯಾದಿ ಓರೆಯಾದರೆ

ಯಾದಿಯಿಲ್ಲದ ಸಂಸಾರವನ್ನು ಕಂಡವರಿಲ್ಲ. ತಿಂಗಳ ಮೊದಲ ದಿನ ಅಂಗಡಿಗೆ ಹೋಗುವ ಸಾಮಾನಿನ ಚೀಟಿ, ಅಗಸರಿಗೆ ಹಾಕಿದ ಬಟ್ಟೆಯ ಲೆಕ್ಕ, ಮದುವೆಯ ಮನೆಯಲ್ಲಿ ಯಾರು ಯಾರಿಗೆ ಏನೇನು ಉಡುಗೊರೆಯೆಂಬ ಬರಹ, ಪರೀಕ್ಷೆಯ ಫಲಿತಾಂಶದ ದಿನ ಶಾಲೆಯ ಹಲಗೆಯ ಮೇಲೆ ಮಕ್ಕಳು ನೂಕುನುಗ್ಗಲಿನಲ್ಲಿ ಹುಡುಕುತ್ತಿದ್ದ ಸಂಖ್ಯೆಗಳ ಸಾಲು - ಇವೆಲ್ಲವೂ ಯಾದಿಗಳೇ. ಮೈಸೂರಿನ ಕಡೆಯವರು ಪಟ್ಟಿ ಎನ್ನುವುದನ್ನು ರಾಯಚೂರಿನ ಸೀಮೆಯಲ್ಲಿ ಯಾದಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಅದರ ಧರ್ಮ ಒಂದೇ: ಒಂದರ ಕೆಳಗೊಂದು ಸಾಲು, ಪ್ರತಿ ಸಾಲಿಗೂ ಒಬ್ಬ ಯಜಮಾನ, ಆ ಯಜಮಾನನಿಗೆ ಉಳಿದೆಲ್ಲ ಸಾಲುಗಳಿಗಿಂತ ತನ್ನ ಒಂದು ಸಾಲೇ ಮುಖ್ಯ.

ಈಗ ಈ ಯಾದಿಗಳೆಲ್ಲ ಕಾಗದವನ್ನು ಬಿಟ್ಟು ಗಾಜಿನ ಪರದೆಯನ್ನು ಸೇರಿವೆ. ದೂರವಾಣಿಯ ಸಂಖ್ಯೆಗಳು, ಬ್ಯಾಂಕಿನ ಜಮಾಖರ್ಚು, ರೈಲುಗಳ ವೇಳಾಪಟ್ಟಿ, ಹಾಡುಗಳು, ಔಷಧಗಳು ಎಲ್ಲವೂ ಅಂಗೈಯಗಲದ ಮೊಬೈಲಿನಲ್ಲಿ ಅಡಗಿ ಕುಳಿತಿವೆ. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಸಾಲುಗಳು ಸರಿಯುತ್ತ ಹೋಗುತ್ತವೆ. ಕೆಳಕ್ಕೆ ಎಳೆದರೆ ಹಿಂದಿರುಗುತ್ತವೆ. ಹೀಗೆ ಸರಿಯುವ ಯಾದಿಯನ್ನು ನೆಟ್ಟಗೆ ನಿಲ್ಲಿಸದೆ ಹಿಂದಕ್ಕೆ ವಾಲಿಸಿ ತೋರಿಸಿದರೆ ಹೇಗೆ ಎಂಬ ಆಸೆ ಯಂತ್ರಕುಶಲರಿಗೆ ಆಗಾಗ ಹುಟ್ಟುತ್ತದೆ. ಕೆಳಗಿನ ಸಾಲು ಹತ್ತಿರ, ಮೇಲಿನ ಸಾಲು ದೂರ; ನೋಡುವವನಿಗೆ ನೇರವಾದ ರಸ್ತೆಯೊಂದು ದಿಗಂತದವರೆಗೆ ಹೋದಂತಹ ಭಾವನೆ. ಈ ಓರೆಯಿಂದ ದೊರೆಯುವುದೇನು, ಕಳೆದುಹೋಗುವುದೇನು ಎಂಬುದು ಈ ವಾರದ ವಿಚಾರ.

ಇದು ಕೇವಲ ಅಲಂಕಾರದ ಮಾತಲ್ಲವೆ, ಗೃಹಸ್ಥರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ರಾಯಚೂರಿನ ಕಡೆಯ ಗುಂಜಹಳ್ಳಿಯಂತಹ ಒಂದು ಊರನ್ನು ತೆಗೆದುಕೊಳ್ಳೋಣ. ಅಲ್ಲಿ ಹೊಲವಿದ್ದು, ಮಕ್ಕಳ ಓದಿಗಾಗಿ ಪಟ್ಟಣದಲ್ಲಿ ಮನೆ ಮಾಡಿರುವ ಕುಟುಂಬಗಳು ಎಷ್ಟೋ ಇವೆ. ಬ್ಯಾಂಕಿನ ಸಾಲಕ್ಕಾಗಲಿ, ಬೆಳೆಯ ವಿಮೆಗಾಗಲಿ, ಅಣ್ಣತಮ್ಮಂದಿರ ಪಾಲುಪಟ್ಟಿಗಾಗಲಿ ಪಹಣಿ ಬೇಕೇ ಬೇಕು. ಹಿಂದೆ ಇದು ಗ್ರಾಮಲೆಕ್ಕಿಗರ ಕೈಬರಹದಲ್ಲಿ ಇರುತ್ತಿತ್ತು. 2000ದ ಆಚೀಚಿನ ವರ್ಷಗಳಲ್ಲಿ ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಇಂದು ಪಹಣಿ ನೋಡಬೇಕಾದವನು ಮೊದಲು ಜಿಲ್ಲೆಯನ್ನು, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದು ಯಾದಿಯಿಂದ ಆರಿಸಿಕೊಂಡು, ಆಮೇಲೆ ಸರ್ವೆ ನಂಬರನ್ನು ಕೊಡಬೇಕು. ಒಂದೊಂದು ಯಾದಿಗೂ ಒಂದೊಂದು ಆಯ್ಕೆ. ಒಂದರಲ್ಲಿ ಬೆರಳು ಜಾರಿದರೂ ಪರದೆಯ ಮೇಲೆ ಬರುವುದು ಇನ್ನೊಬ್ಬನ ಹೊಲ. ಆದುದರಿಂದ ಪರದೆಯ ಮೇಲೆ ಯಾದಿ ಹೇಗೆ ನಿಲ್ಲುತ್ತದೆ ಎಂಬುದು ಚೆಲುವಿನ ಪ್ರಶ್ನೆಯಷ್ಟೇ ಅಲ್ಲ, ಬದುಕಿನ ಪ್ರಶ್ನೆಯೂ ಹೌದು.

ವ್ಯಾಸಪೀಠದ ಓರೆ

ಬರಹವನ್ನು ಓರೆಯಾಗಿಡುವುದು ನಮಗೇನೂ ಹೊಸದಲ್ಲ. ಪುರಾಣ ಹೇಳುವವರ ಮುಂದಿನ ವ್ಯಾಸಪೀಠವನ್ನು ನೋಡದವರಾರು? ಎರಡು ಹಲಗೆಗಳು ಕತ್ತರಿಯಂತೆ ಒಂದರೊಳಗೊಂದು ಸೇರಿ, ಮೇಲೆ ಗ್ರಂಥವನ್ನು ತೊಟ್ಟಿಲಿನಂತೆ ಹಿಡಿದುಕೊಳ್ಳುತ್ತವೆ. ಮಸೀದಿಯಲ್ಲಿ ಕುರಾನ್ ಇಡುವ ರೆಹಲಿನ ರಚನೆಯೂ ಇದೇ. ಹಳೆಯ ಗುಮಾಸ್ತರು ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಗಿಡ್ಡ ಮೇಜಿನ ಹಲಗೆಯೂ ತಮ್ಮ ಕಡೆಗೆ ಇಳಿಜಾರಾಗಿಯೇ ಇರುತ್ತಿತ್ತು.

ಇವುಗಳಲ್ಲೆಲ್ಲ ಓರೆಯ ಉದ್ದೇಶವೇನು? ನೆಲದ ಮೇಲೆ ಪುಸ್ತಕವನ್ನು ಚಪ್ಪಟೆಯಾಗಿಟ್ಟರೆ ನಮ್ಮ ದೃಷ್ಟಿ ಅದರ ಮೇಲೆ ಓರೆಯಾಗಿ ಬೀಳುತ್ತದೆ. ಮೇಲಿನ ಸಾಲುಗಳು ಕುಗ್ಗಿ ಕಾಣುತ್ತವೆ. ಪುಟವನ್ನು ಎತ್ತಿ ಕಣ್ಣಿಗೆ ಎದುರು ಮಾಡಿದರೆ ಆ ಕುಗ್ಗು ಹೋಗುತ್ತದೆ. ಎಂದರೆ ವ್ಯಾಸಪೀಠವು ಪುಟವನ್ನು ಓರೆ ಮಾಡಿ ಅಕ್ಷರವನ್ನು ನೇರ ಮಾಡುತ್ತದೆ. ಪರದೆಯ ಮೇಲಿನ ಓರೆಯದು ಇದಕ್ಕೆ ತದ್ವಿರುದ್ಧವಾದ ಕೆಲಸ. ಮೊಬೈಲು ಕೈಯಲ್ಲಿ ಕಣ್ಣಿಗೆ ಎದುರಾಗಿಯೇ ಇದೆ. ಅಕ್ಷರಗಳೂ ನೇರವಾಗಿಯೇ ಇದ್ದವು. ಅವುಗಳನ್ನು ಬೇಕೆಂದೇ ಹಿಂದಕ್ಕೆ ಕೆಡವಿ, ನೆಲದ ಮೇಲಿನ ಪುಸ್ತಕದ ಪಾಡಿಗೆ ತರುವುದೇ ಈ ಓರೆ. ಒಂದು ಓರೆ ಓದುವವನಿಗಾಗಿ, ಇನ್ನೊಂದು ನೋಡುವವನಿಗಾಗಿ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಮಡಿಕೆಯ ಕಡತ, ಮೊಗೆಯುವ ಯಂತ್ರ

ಸರಿಯುವ ಯಾದಿಗೂ ನಮ್ಮಲ್ಲಿ ಪೂರ್ವಜರಿದ್ದಾರೆ. ಇಂದು ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಮೊದಲು ಕಡತವೆಂದರೆ ಬಟ್ಟೆ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಹಲಗೆಯಂತೆ ಗಡುಸು ಮಾಡಿ, ಬೀಸಣಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಸಿ ಇಡುತ್ತಿದ್ದರು. ಬಳಪದಿಂದ ಬರೆದ ಲೆಕ್ಕ ಕಪ್ಪಿನ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. ಬೇಕಾದ ಮಡಿಕೆಯನ್ನು ಬಿಡಿಸಿ ಓದಿ, ಬೇಡವಾದುದನ್ನು ಮಡಿಚಿಡಬಹುದಾಗಿತ್ತು. ಇಡೀ ಲೆಕ್ಕ ಕೈಯಲ್ಲಿದ್ದರೂ ಕಣ್ಣಿಗೆ ಬೀಳುವುದು ಒಂದೆರಡು ಮಡಿಕೆ ಮಾತ್ರ.

ಪರದೆಯ ಯಾದಿಯ ಗುಟ್ಟು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅದರಲ್ಲಿ ಮಡಿಚಿಟ್ಟ ಬಟ್ಟೆಯೇ ಇಲ್ಲ. ಹತ್ತು ಸಾವಿರ ಹೆಸರುಗಳ ಯಾದಿಯಾದರೂ ಯಂತ್ರವು ಹತ್ತು ಸಾವಿರ ಸಾಲುಗಳನ್ನು ಬರೆಯುವುದಿಲ್ಲ. ಪರದೆಗೆ ಹಿಡಿಸುವಷ್ಟು ಹತ್ತು ಹನ್ನೆರಡು ಸಾಲುಗಳನ್ನು ಮಾತ್ರ ಸಿದ್ಧ ಮಾಡುತ್ತದೆ. ಮೇಲಿನ ಸಾಲು ಅಂಚನ್ನು ದಾಟಿ ಮರೆಯಾದ ಕೂಡಲೆ, ಅದೇ ಸಾಲಿನ ಚೌಕಟ್ಟಿಗೆ ಹೊಸ ಹೆಸರನ್ನು ತುಂಬಿ ಕೆಳಗಿನಿಂದ ಮತ್ತೆ ಕಳುಹಿಸುತ್ತದೆ. ಬಾವಿಯ ಮೇಲಿನ ಘಟೀಯಂತ್ರದಲ್ಲಿ ಗಡಿಗೆಗಳು ಹತ್ತೇ ಇದ್ದರೂ ನೀರು ಮಾತ್ರ ಹೊಸದು ಹೊಸದಾಗಿ ಬರುವಂತೆ, ಇಲ್ಲಿ ಚೌಕಟ್ಟುಗಳು ಕೆಲವೇ, ಹೆಸರುಗಳು ಅಸಂಖ್ಯ. ಈ ಜಿಪುಣತನದಿಂದಲೇ ಸಣ್ಣ ಯಂತ್ರದಲ್ಲಿ ದೊಡ್ಡ ಯಾದಿ ಸರಾಗವಾಗಿ ಓಡುತ್ತದೆ. ಓರೆ ಮಾಡಿದಾಗ ಮೊದಲು ತೊಡಕು ಬರುವುದೂ ಇಲ್ಲಿಯೇ. ಅದನ್ನು ತಿಳಿಯಲು ಸ್ವಲ್ಪ ಲೆಕ್ಕವನ್ನು ನೋಡಬೇಕು.

ಓರೆಯ ಲೆಕ್ಕ

ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆಂಬುದು ಎಲ್ಲರಿಗೂ ತಿಳಿದದ್ದು. ಎಷ್ಟು ದೂರಕ್ಕೆ ಎಷ್ಟು ಚಿಕ್ಕದೆಂಬುದನ್ನು ಚಿತ್ರದಲ್ಲಿ ಕರಾರುವಾಕ್ಕಾಗಿ ತೋರಿಸುವ ಕ್ರಮವನ್ನು ಇಟಲಿಯ ಫ್ಲಾರೆನ್ಸ್ ನಗರದ ಶಿಲ್ಪಿ ಬ್ರುನೆಲೆಸ್ಕಿ ಪ್ರಯೋಗದಿಂದ ತೋರಿಸಿದನು. 1435ರಲ್ಲಿ ಆಲ್ಬರ್ಟಿ ಅದನ್ನು ಗ್ರಂಥರೂಪಕ್ಕೆ ತಂದನು. 1827ರಲ್ಲಿ ಜರ್ಮನಿಯ ಗಣಿತಜ್ಞ ಮೋಬಿಯಸ್ ಅಂತಹ ಲೆಕ್ಕಗಳಿಗೆ ಅನುಕೂಲವಾದ ಒಂದು ಅಂಕಪದ್ಧತಿಯನ್ನು ಪ್ರಕಟಿಸಿದನು. 1963ರಲ್ಲಿ ಅಮೆರಿಕದ ಲಾರೆನ್ಸ್ ರಾಬರ್ಟ್ಸ್ ಅದನ್ನು ಕಂಪ್ಯೂಟರಿನ ಚಿತ್ರಗಳಿಗೆ ಅಳವಡಿಸಿದನು. ಇಂದು ಮೊಬೈಲಿನಲ್ಲಿ ಯಾದಿಯೊಂದು ವಾಲಿದರೆ ಅದರ ಹಿಂದೆ ಈ ವಂಶಾವಳಿಯೆಲ್ಲ ನಿಂತಿರುತ್ತದೆ.

ಈಗ ಒಂದು ಉದಾಹರಣೆಯನ್ನು ನೋಡೋಣ. ನಲವತ್ತು ಹೆಸರುಗಳ ಯಾದಿ. ಸಾಲಿಗೆ ಒಂದು ಸೆಂಟಿಮೀಟರ್ ಎತ್ತರ. ಒಟ್ಟು ಉದ್ದ 40 ಸೆಂಟಿಮೀಟರ್. ಅದರ ಕೆಳಗಿನ ಅಂಚನ್ನು ಪರದೆಗೆ ಬಾಗಿಲಿನ ಕೀಲಿನಂತೆ ಜೋಡಿಸಿ, ಮೇಲಿನ ಅಂಚನ್ನು 60 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿದೆವೆಂದು ಭಾವಿಸಿ. ಕಣ್ಣು ಪರದೆಯಿಂದ 40 ಸೆಂಟಿಮೀಟರ್ ದೂರದಲ್ಲಿ, ಕೆಳಗಿನ ಅಂಚಿನ ನೇರಕ್ಕೆ ಇರಲಿ. ಲೆಕ್ಕ ಮಾಡಿ ನೋಡಿದರೆ ಇಡೀ ಯಾದಿ ಪರದೆಯ ಮೇಲೆ ಸುಮಾರು 10.7 ಸೆಂಟಿಮೀಟರ್ ಎತ್ತರದಲ್ಲಿ ಅಡಗಿಬಿಡುತ್ತದೆ. ನೇರವಾಗಿ ನಿಲ್ಲಿಸಿದ್ದರೆ ಅಷ್ಟು ಜಾಗದಲ್ಲಿ ಹನ್ನೊಂದು ಸಾಲುಗಳೂ ಪೂರ್ತಿಯಾಗಿ ಹಿಡಿಸುತ್ತಿರಲಿಲ್ಲ. ಈಗ ನಲವತ್ತೂ ಕಾಣುತ್ತಿವೆ! ಓರೆಯನ್ನು ಮೆಚ್ಚುವವರು ಮೆಚ್ಚುವುದು ಈ ಲಾಭವನ್ನೇ.

ಆದರೆ ಲಾಭದ ಪಕ್ಕದಲ್ಲಿ ನಷ್ಟದ ಕಲಮೂ ಇದೆ. ಮೊದಲ ಇಪ್ಪತ್ತು ಸಾಲುಗಳು 7 ಸೆಂಟಿಮೀಟರನ್ನು ತೆಗೆದುಕೊಂಡರೆ, ಉಳಿದ ಇಪ್ಪತ್ತಕ್ಕೆ ದೊರೆಯುವುದು 3.7 ಮಾತ್ರ. ಎಲ್ಲಕ್ಕಿಂತ ಹತ್ತಿರದ ಸಾಲಿನ ಎತ್ತರವೇ ಅರ್ಧಕ್ಕಿಳಿದು 5 ಮಿಲಿಮೀಟರಿನಷ್ಟಾಗುತ್ತದೆ. ನಡುವಿನ ಸಾಲು ಸುಮಾರು ಎರಡೂವರೆ. ಕಟ್ಟಕಡೆಯದು ಒಂದೂವರೆ ಮಿಲಿಮೀಟರಿಗೂ ಕಡಿಮೆ. ಅಗಲವಾದರೋ ಅಷ್ಟು ಕೆಡುವುದಿಲ್ಲ. ಕಟ್ಟಕಡೆಯ ಸಾಲಿನಲ್ಲಿಯೂ ನೂರಕ್ಕೆ 54ರಷ್ಟು ಉಳಿಯುತ್ತದೆ. ಇದರ ಹಿಂದಿನ ನಿಯಮವಿಷ್ಟೆ: ಕಣ್ಣಿನಿಂದ ಸಾಲಿಗಿರುವ ದೂರ ಎರಡರಷ್ಟಾದರೆ ಅಕ್ಷರದ ಅಗಲ ಅರ್ಧವಾಗುತ್ತದೆ, ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಹಿಂದಕ್ಕೆ ವಾಲಿದ ಯಾದಿಯಲ್ಲಿ ಮೊದಲು ಸಾಯುವುದು ಎತ್ತರ.

ಪಕ್ಕಕ್ಕೆ ವಾಲಿದ ಬರಹದಲ್ಲಿ ಇದು ಅದಲುಬದಲಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ರಾಯಚೂರಿನ ಕೋಟೆಗೇ ಹೋಗಬಹುದು. ಅಲ್ಲಿಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಸಾಮಂತನಾದ ಗೋರೆ ಗಂಗಯ್ಯ ರೆಡ್ಡಿಯು 1294ರಲ್ಲಿ ಕೋಟೆಯನ್ನು ಕಟ್ಟಿಸಿದ ವಿಷಯವನ್ನು ತಿಳಿಸುವ ತೆಲುಗು ಶಾಸನವನ್ನು ಅದರ ಮೇಲೆ ಕೊರೆದಿದ್ದಾರೆ. ಹೆಬ್ಬಂಡೆಯನ್ನು ಬಂಡಿಯ ಮೇಲೇರಿಸಿ ಎಳೆತಂದ ಚಿತ್ರವೂ ಅಲ್ಲಿದೆ. ಇಂತಹ ಉದ್ದನೆಯ ಕಲ್ಲಿನ ಒಂದು ತುದಿಯಲ್ಲಿ ಗೋಡೆಗೆ ಒತ್ತಿ ನಿಂತು ಆ ತುದಿಯತ್ತ ದೃಷ್ಟಿ ಹಾಯಿಸಿದರೆ, ದೂರದ ಗೆರೆಗಳು ತೆಳ್ಳಗೆ ಸೀಳಿದ ಬಿದಿರಿನ ಕಡ್ಡಿಗಳಂತೆ ಕಾಣುತ್ತವೆ. ಎತ್ತರ ಸಾಕಷ್ಟು ಉಳಿದು ಅಗಲ ಮಾತ್ರ ಕರಗಿಹೋಗುತ್ತದೆ. ಅದನ್ನು ಓದುವ ಉಪಾಯ ಒಂದೇ: ಗೋಡೆಯುದ್ದಕ್ಕೂ ನಡೆದುಕೊಂಡು ಹೋಗಿ ಪ್ರತಿ ಅಕ್ಷರಕ್ಕೂ ಎದುರಾಗಿ ನಿಲ್ಲುವುದು. ಅಲ್ಲಿ ಬರಹ ನಿಂತಿದೆ, ಓದುವವನು ಸರಿಯುತ್ತಾನೆ. ಮೊಬೈಲಿನಲ್ಲಿ ಓದುವವನು ಕುಳಿತಿದ್ದಾನೆ, ಬರಹ ಸರಿಯುತ್ತದೆ. ಎರಡರಲ್ಲಿಯೂ ಓದು ನಡೆಯುವುದು ಕಣ್ಣಿಗೂ ಅಕ್ಷರಕ್ಕೂ ಮುಖಾಮುಖಿಯಾದಾಗಲೇ.

ಒತ್ತಕ್ಷರದ ಪಾಡು

ಎತ್ತರ ಕುಗ್ಗಿದರೆ ಇಂಗ್ಲಿಷಿನ ಅಕ್ಷರಗಳು ಒಂದಿಷ್ಟು ತಾಳಿಕೊಳ್ಳುತ್ತವೆ. ಅವು ಒಂದೇ ಗೆರೆಯ ಮೇಲೆ ಸಾಲಾಗಿ ನಿಂತ ಸಿಪಾಯಿಗಳು. ನಮ್ಮ ಲಿಪಿಯ ಸಂಸಾರ ಹಾಗಲ್ಲ. ಅದು ಮೂರು ಅಂತಸ್ತಿನ ಮನೆ. ನಡುವಿನ ಅಂತಸ್ತಿನಲ್ಲಿ ಅಕ್ಷರ, ತಲೆಯ ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು. ಎತ್ತರವನ್ನು ಹಿಂಡಿದಾಗ ಮೇಲಿನ ಅಂತಸ್ತು ನಡುವಿನದರ ಮೇಲೆ ಕುಸಿಯುತ್ತದೆ. ಕೆಳಗಿನ ಒತ್ತು ಮಸಿಯ ಚುಕ್ಕೆಯಾಗಿ ಮುಂದಿನ ಸಾಲಿಗೆ ತಾಗುತ್ತದೆ.

ಇದರ ಪರಿಣಾಮವನ್ನು ರಾಯಚೂರು ಜಿಲ್ಲೆಯ ತಾಲ್ಲೂಕುಗಳ ಹೆಸರಿನಲ್ಲಿಯೇ ಪರೀಕ್ಷಿಸಬಹುದು. ಮಸ್ಕಿಯ ಕೆಳಗಿನ ಒತ್ತು ಅಳಿಸಿಹೋದರೆ ಉಳಿಯುವುದು ‘ಮಸಿ’. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ದೊರೆತು ಲೋಕಕ್ಕೆ ಪರಿಚಿತವಾದ ಊರು ದೌತಿಯೊಳಗಿನ ಮಸಿಯಾಗಿಬಿಡುತ್ತದೆ. ಮಾನ್ವಿಯು ‘ಮಾನಿ’ಯಾಗುತ್ತದೆ. ದೇವದುರ್ಗದ ಅರ್ಕಾವೊತ್ತು ಹಾರಿದರೆ ‘ದೇವದುಗ’. ಗುಂಜಹಳ್ಳಿಯ ಕಡೆಯ ಒತ್ತು ಜಾರಿದರೆ ‘ಗುಂಜಹಳಿ’; ಊರಿನ ಹೆಸರೇ ಬೈಗುಳದ ಧ್ವನಿಯನ್ನು ತಾಳುತ್ತದೆ. ನಗುವ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ನಾಡಿನಲ್ಲಿ ‘ಹಳ್ಳಿ’ಯಿಂದ ಕೊನೆಗೊಳ್ಳುವ ಊರುಗಳಿಗೆ ಲೆಕ್ಕವಿಲ್ಲ. ಅಕಾರಾದಿಯಾಗಿ ಜೋಡಿಸಿದ ಯಾದಿಯಲ್ಲಿ ಗುಕಾರದ ಊರುಗಳೆಲ್ಲ ಅಕ್ಕಪಕ್ಕದಲ್ಲಿಯೇ ಕೂಡುತ್ತವೆ. ಆದಿ ಒಂದೇ, ಅಂತ್ಯವೂ ಒಂದೇ; ಒಂದು ಊರನ್ನು ಇನ್ನೊಂದರಿಂದ ಬೇರ್ಪಡಿಸುವುದು ನಡುವಿನ ಒಂದೆರಡು ಅಕ್ಷರ ಮಾತ್ರ. ಒಂದೂವರೆ ಮಿಲಿಮೀಟರಿನ ಸಾಲಿನಲ್ಲಿ ಆ ಅಕ್ಷರವನ್ನು ಗುರುತಿಸುವ ಕಣ್ಣು ಇಪ್ಪತ್ತರ ಹರೆಯದವರಿಗೇ ಕಷ್ಟ; ಅರವತ್ತು ದಾಟಿದ ಹಿರಿಯರಿಗೆ ಹೇಗೆ ಸಾಧ್ಯ? ಪಹಣಿ ಬೇಕಾಗುವುದಂತೂ ಹಿರಿಯರಿಗೇ ಹೆಚ್ಚು.

ಬೆರಳು ಮುಟ್ಟಿದ್ದು ಯಾವುದನ್ನು?

ಕಣ್ಣಿನ ಕಷ್ಟವಾದ ಮೇಲೆ ಬೆರಳಿನ ಕಷ್ಟ. ನಮ್ಮ ಬೆರಳ ತುದಿ ಸರಿಸುಮಾರು ಒಂದು ಸೆಂಟಿಮೀಟರ್ ಅಗಲ. ಮೇಲೆ ಹೇಳಿದ ಓರೆಯ ಯಾದಿಯಲ್ಲಿ ಕೆಳಗಿನ ಅಂಚಿನ ಬಳಿ ಮುಟ್ಟಿದರೆ ಬೆರಳಿನಡಿ ಎರಡು ಸಾಲುಗಳು ಬೀಳುತ್ತವೆ. ಮೇಲಿನ ತುದಿಯಲ್ಲಿ ಮುಟ್ಟಿದರೆ ಆರು ಏಳು ಸಾಲುಗಳು ಒಟ್ಟಿಗೇ ಸಿಕ್ಕಿಕೊಳ್ಳುತ್ತವೆ. ಅವುಗಳಲ್ಲಿ ಯಾವುದನ್ನು ಉದ್ದೇಶಿಸಿ ಮುಟ್ಟಿದನೆಂದು ಯಂತ್ರ ಹೇಗೆ ತಿಳಿಯಬೇಕು? ಪರದೆಯ ಮೇಲಿನ ಬಿಂದುವಿನಿಂದ ಹಿಂದಕ್ಕೆ ಲೆಕ್ಕ ಹಾಕಿ, ಓರೆಯಾದ ಹಾಳೆಯ ಮೇಲೆ ಅದು ಎಲ್ಲಿ ಬೀಳುತ್ತದೆಂದು ಕಂಡುಹಿಡಿಯುವ ಸೂತ್ರವೇನೋ ಇದೆ. ಯಂತ್ರ ಅದನ್ನು ತಪ್ಪದೆ ಮಾಡುತ್ತದೆ. ಸೂತ್ರಕ್ಕೆ ಬಿಂದು ಬೇಕು. ಮನುಷ್ಯನ ಬೆರಳು ಬಿಂದುವಲ್ಲ.

ಸರಿಸುವಾಗಲೂ ಇದೇ ಪೇಚು. ನೇರವಾದ ಯಾದಿಯಲ್ಲಿ ಬೆರಳು ಒಂದು ಸೆಂಟಿಮೀಟರ್ ಸರಿದರೆ ಸಾಲೂ ಅಷ್ಟೇ ಸರಿಯುತ್ತದೆ. ಹಾಳೆಯನ್ನು ಕೈಯಿಂದ ಎಳೆದಂತೆಯೇ ಅನುಭವ. ಓರೆಯಾದ ಯಾದಿಯಲ್ಲಿ ಸಾಲು ಬೆರಳಿಗೆ ಅಂಟಿಕೊಂಡು ಬರಬೇಕಾದರೆ ಕೆಳಗೆ ಎರಡು ಸೆಂಟಿಮೀಟರಿನಷ್ಟು, ಮೇಲ್ತುದಿಯಲ್ಲಿ ಆರು ಏಳು ಸೆಂಟಿಮೀಟರಿನಷ್ಟು ಯಾದಿಯನ್ನು ಉರುಳಿಸಬೇಕಾಗುತ್ತದೆ. ಎಲ್ಲ ಕಡೆಯೂ ಒಂದೇ ವೇಗವನ್ನಿಟ್ಟರೆ ಹಿಡಿದ ಸಾಲು ಬೆರಳಿನಿಂದ ಜಾರುತ್ತದೆ. ಜಾಗಕ್ಕೆ ತಕ್ಕ ವೇಗವನ್ನಿಟ್ಟರೆ ಮೇಲಿನಿಂದ ಎಳೆದವನ ಯಾದಿ ಹುಚ್ಚು ಕುದುರೆಯಂತೆ ಓಡುತ್ತದೆ.

ಇನ್ನು ಘಟೀಯಂತ್ರದ ತೊಡಕು. ಯಂತ್ರವು ಪರದೆಯ ಎತ್ತರವನ್ನು ನೋಡಿ ಹನ್ನೊಂದು ಸಾಲುಗಳನ್ನು ಮಾತ್ರ ತುಂಬಿ ಕೊಡುತ್ತದೆಯಲ್ಲವೆ? ಆ ಹನ್ನೊಂದನ್ನೇ ಓರೆ ಮಾಡಿದರೆ ಅವು ಕೆಳಗಿನ ನಾಲ್ಕೂವರೆ ಸೆಂಟಿಮೀಟರಿನಲ್ಲಿ ಮುದುಡಿಕೊಂಡು, ಮೇಲೆಲ್ಲ ಬರಿದಾಗಿ ಉಳಿಯುತ್ತದೆ. ಆದುದರಿಂದ ಕುಶಲರು ಮೊದಲು ಯಾದಿಯನ್ನು ನಲವತ್ತು ಸಾಲಿನಷ್ಟು ಉದ್ದಕ್ಕೆ ಬೆಳೆಸಿ, ಆಮೇಲೆ ವಾಲಿಸಬೇಕು. ಸಾಲುಗಳು ನಾಲ್ಕರಷ್ಟಾದಾಗ ಯಂತ್ರದ ದುಡಿಮೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಅಗ್ಗದ ಮೊಬೈಲಿನಲ್ಲಿ ಅಂತಹ ಯಾದಿ ಎಡವುತ್ತ ಓಡುವುದಕ್ಕೆ ಇದೂ ಒಂದು ಕಾರಣ.

ಬಂದುಹೋದ ಶೋಕಿಗಳು

ಇಷ್ಟೆಲ್ಲ ಇದ್ದರೂ ಓರೆಯ ಮೋಹ ಆಗಾಗ ಮರುಕಳಿಸಿದೆ. 2006ರಲ್ಲಿ ಆಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಹಾಡಿನ ಸಂಪುಟಗಳ ಮುಖಚಿತ್ರಗಳನ್ನು ಪಕ್ಕಕ್ಕೆ ವಾಲಿಸಿ, ಅಂಗಡಿಯಲ್ಲಿ ಜೋಡಿಸಿದ ಪುಸ್ತಕಗಳಂತೆ ತಿರುವಿ ಹಾಕುವ ‘ಕವರ್ ಫ್ಲೋ’ವನ್ನು ತಂದಿತು. 2007ರ ಆದಿಯಲ್ಲಿ ಮಾರಾಟಕ್ಕೆ ಬಂದ ಮೈಕ್ರೋಸಾಫ್ಟ್‌ನ ವಿಂಡೋಸ್ ವಿಸ್ಟಾದಲ್ಲಿ ತೆರೆದ ಕಿಟಕಿಗಳೆಲ್ಲ ಓರೆಯಾಗಿ ಒಂದರ ಹಿಂದೊಂದು ನಿಲ್ಲುತ್ತಿದ್ದವು. 2013ರಲ್ಲಿ ಐಫೋನಿನ ಸಫಾರಿಯಲ್ಲಿ ತೆರೆದಿಟ್ಟ ಪುಟಗಳು ಹಿಂದಕ್ಕೆ ವಾಲಿದ ಹಲಗೆಗಳಾಗಿ ಕೆಳಗಿನಿಂದ ಮೇಲಕ್ಕೆ ಸರಿಯುತ್ತಿದ್ದವು. ನಾವು ಹೇಳುತ್ತಿರುವ ಯಾದಿಗೆ ಇದೇ ಅತಿ ಸಮೀಪದ ಉದಾಹರಣೆ.

ಮೂರೂ ನೋಡುವವರ ಕಣ್ಣನ್ನು ಸೆಳೆದವು, ಮೂರೂ ಉಳಿಯಲಿಲ್ಲ. 2012ರ ವಿಂಡೋಸ್ 8ರಲ್ಲಿ ಓರೆಯ ಕಿಟಕಿಗಳಿರಲಿಲ್ಲ. ಅದೇ ವರ್ಷ ಐಟ್ಯೂನ್ಸ್‌ನಿಂದ ಕವರ್ ಫ್ಲೋ ಹೋಯಿತು. 2021ರಲ್ಲಿ ಸಫಾರಿಯ ಹಲಗೆಗಳೂ ನೆಟ್ಟಗೆ ನಿಂತು ಚದುರಂಗದ ಮನೆಗಳಂತೆ ಚೌಕಗಳಾದವು. 2013ರ ಆ ಐಫೋನಿನ ಹೊಸ ರೂಪದಲ್ಲಿ ಪರದೆಯೊಳಗಿನ ಓಡಾಟ ಹೆಚ್ಚಾಗಿ, ಕೆಲವರಿಗೆ ತಲೆಸುತ್ತು ಬಂದಿತೆಂಬ ದೂರುಗಳೂ ಕೇಳಿಬಂದವು. ಚಲನೆಯನ್ನು ಕಡಿಮೆ ಮಾಡುವ ಅನುಕೂಲವನ್ನು ಕಂಪನಿ ವಿಸ್ತರಿಸಬೇಕಾಯಿತು.

ಹಾಗಾದರೆ ಓರೆಯು ಎಲ್ಲೆಡೆಯೂ ವ್ಯರ್ಥವೆ? ಹಾಗೆ ತೀರ್ಪು ಕೊಡುವುದು ಅನ್ಯಾಯವಾದೀತು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಆರಂಭದಲ್ಲಿ ಕಥೆಯ ಪೀಠಿಕೆ ಹಳದಿ ಅಕ್ಷರಗಳಲ್ಲಿ ನಕ್ಷತ್ರಗಳ ನಡುವೆ ದೂರ ದೂರಕ್ಕೆ ಸರಿದುಹೋಗುವುದನ್ನು ಕಂಡವರು ಮರೆಯಲಾರರು. ಅಂದು ಅದನ್ನು ಮಾಡಿದ್ದು ಕಂಪ್ಯೂಟರಲ್ಲ; ಅಕ್ಷರಗಳ ಉದ್ದನೆಯ ಹಲಗೆಯನ್ನು ಚಪ್ಪಟೆಯಾಗಿಟ್ಟು ಅದರ ಮೇಲೆ ಕ್ಯಾಮೆರಾವನ್ನು ಸರಿಸಿದರು. 1940ರ ‘ಫ್ಲ್ಯಾಷ್ ಗಾರ್ಡನ್’ ಧಾರಾವಾಹಿ ಚಿತ್ರವೇ ಅದಕ್ಕೆ ಪ್ರೇರಣೆ. ಅಲ್ಲಿ ಓರೆ ಸೊಗಸಾಗಿದೆ. ಏಕೆಂದರೆ ಪ್ರತಿ ಸಾಲೂ ಹತ್ತಿರವಿದ್ದಾಗಲೇ ಓದಿ ಮುಗಿದಿರುತ್ತದೆ. ದೂರ ಸರಿದುದನ್ನು ಯಾರೂ ಮತ್ತೆ ಹುಡುಕುವುದಿಲ್ಲ, ಯಾರೂ ಅದನ್ನು ಮುಟ್ಟಬೇಕಾಗಿಲ್ಲ. ಅಲ್ಲಿ ದೂರವೆಂದರೆ ಕಳೆದುಹೋದದ್ದು. ನಮ್ಮ ಯಾದಿಯಲ್ಲಾದರೋ ದೂರವೆಂದರೆ ಇನ್ನೂ ಬೇಕಾಗಿರುವುದು.

1991ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದ ಮ್ಯಾಕಿನ್ಲೆ, ರಾಬರ್ಟ್‌ಸನ್, ಕಾರ್ಡ್ ಎಂಬ ಮೂವರು ಇದಕ್ಕೆ ಒಂದು ಮಧ್ಯಮಮಾರ್ಗವನ್ನು ಹುಡುಕಿದರು. ಮೂರು ಹಲಗೆಗಳ ಗೋಡೆ. ನಡುವಿನ ಹಲಗೆ ಓದುವವನಿಗೆ ನೇರವಾಗಿ ಎದುರು. ಎಡಬಲದ ಎರಡು ಹಲಗೆಗಳು ಹಿಂದಕ್ಕೆ ಮಡಿಚಿಕೊಂಡು ದೂರ ಸರಿಯುತ್ತವೆ. ಓದಬೇಕಾದುದು ನಡುವೆ ನಿಚ್ಚಳವಾಗಿ ನಿಲ್ಲುತ್ತದೆ. ಹಿಂದೆ ಎಷ್ಟಿತ್ತು, ಮುಂದೆ ಎಷ್ಟಿದೆ ಎಂಬ ಅಂದಾಜು ಮಾತ್ರ ಬದಿಗಳಲ್ಲಿ ಕಾಣುತ್ತದೆ. ಓರೆಯ ನಿಜವಾದ ಗುಣವನ್ನು ಅರಿತು ಅದಕ್ಕೆ ತಕ್ಕ ಕೆಲಸವನ್ನು ಕೊಟ್ಟ ಜಾಣ್ಮೆ ಇದು. ಓರೆಯಾದ ಯಾದಿ ಅದರ ಉದ್ದವನ್ನು ಹೇಳಬಲ್ಲುದು, ಅದರೊಳಗಿನ ಹೆಸರನ್ನು ಹೇಳಲಾರದು.

ಆದುದರಿಂದ ಪರದೆಯ ಯಾದಿಗಳನ್ನು ರಚಿಸುವ ನಮ್ಮ ತರುಣ ಇಂಜಿನಿಯರುಗಳಿಗೆ - ಅವರಲ್ಲಿ ರಾಯಚೂರು, ಮಾನ್ವಿ, ದೇವದುರ್ಗಗಳ ಮನೆಗಳಿಂದ ಬೆಂಗಳೂರಿಗೆ ಹೋದವರೂ ಇದ್ದಾರು - ಮೂರು ಮಾತುಗಳನ್ನು ಹೇಳಬಹುದು. ಚಿತ್ರಗಳ ಯಾದಿಯಾದರೆ ಬೇಕಾದಷ್ಟು ವಾಲಿಸಿರಿ. ಮುಖಗಳು ಓರೆಯಲ್ಲಿಯೂ ಗುರುತು ಸಿಗುತ್ತವೆ. ಹೆಸರುಗಳ ಯಾದಿಯಾದರೆ ಕಣ್ಣಿನ ಎದುರಿನ ಸಾಲುಗಳನ್ನು ನೇರವಾಗಿಯೇ ಇಟ್ಟು, ಅಂಚಿನಲ್ಲಿ ಮರೆಯಾಗುವ ಒಂದೆರಡನ್ನು ಮಾತ್ರ ಬಾಗಿಸಿರಿ. ಯಾವುದನ್ನೇ ಮಾಡುವ ಮುನ್ನ ಇಂಗ್ಲಿಷಿನ ಅಕ್ಷರಗಳಲ್ಲಿ ಪರೀಕ್ಷಿಸಿ ತೃಪ್ತರಾಗದೆ, ಮಸ್ಕಿ, ಮಾನ್ವಿ, ಗುಂಜಹಳ್ಳಿಗಳನ್ನು ಕನ್ನಡದಲ್ಲಿ ಬರೆದು, ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿರಿ. ಅವರು ಕನ್ನಡಕವನ್ನು ಮೇಲಕ್ಕೂ ಕೆಳಕ್ಕೂ ಸರಿಸಿ, ಮೊಬೈಲನ್ನು ದೂರ ಹಿಡಿದು, ಕಡೆಗೆ ಮೊಮ್ಮಗನ ಕೈಗೆ ಕೊಟ್ಟರೆ ನಿಮ್ಮ ಓರೆ ಹೆಚ್ಚಾಯಿತೆಂದು ತಿಳಿಯಿರಿ.

ಗೃಹಸ್ಥರಿಗೂ ಒಂದು ಮಾತು. ಪರದೆಯ ಓಡಾಟದಿಂದ ತಲೆ ಸುತ್ತುವ ಹಿರಿಯರು ಮನೆಯಲ್ಲಿದ್ದರೆ, ಚಲನೆಯನ್ನು ಕಡಿಮೆ ಮಾಡುವ ಮತ್ತು ಅಕ್ಷರವನ್ನು ದೊಡ್ಡದು ಮಾಡುವ ಅನುಕೂಲಗಳು ಇಂದಿನ ಮೊಬೈಲುಗಳಲ್ಲಿಯೇ ಇವೆ. ಮಕ್ಕಳು ಐದು ನಿಮಿಷ ಕುಳಿತು ಸರಿಪಡಿಸಿಕೊಟ್ಟರೆ ಸಾಕು. ಪಹಣಿಯ ಯಾದಿಯಿಂದ ಊರನ್ನು ಆರಿಸಿದ ಮೇಲೆ, ಮುಂದಿನ ಯಾದಿಗೆ ಹೋಗುವ ಮುನ್ನ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸವೂ ಒಳ್ಳೆಯದು.

ಭೂಮಿಯ ಯಾದಿಗಳಿಗೆ ಅಲಂಕಾರವಿಲ್ಲ. ಅವು ಸಾದಾ ಸೀದಾ ನೆಟ್ಟಗೆ ನಿಂತಿವೆ. ಮೂರೆಕರೆ ಎರೆಹೊಲದ ಯಜಮಾನನಿಗೆ ಯಾದಿ ಎಷ್ಟು ಉದ್ದವಿದೆ, ಎಷ್ಟು ಚೆಂದವಾಗಿ ಸರಿಯುತ್ತದೆ ಎಂಬುದರಿಂದ ಆಗಬೇಕಾದುದೇನೂ ಇಲ್ಲ. ತನ್ನ ಊರು, ತನ್ನ ಸರ್ವೆ ನಂಬರು, ತನ್ನ ತಂದೆಯಿಂದ ಬಂದ ಹೆಸರು ಒತ್ತು ದೀರ್ಘಗಳೊಡನೆ ಕಣ್ಣೆದುರಿಗೆ ನಿಂತರೆ ಅವನ ಕೆಲಸವಾಯಿತು.